ಎಡಕ್ಕೊಂದು, ಬಲಕ್ಕೊಂದು

ಮೂರನೇ ಗುಂಡುಸೂಜಿ ಚುಚ್ಚುವ ಹೊತ್ತಿಗೆ ಅತ್ತೆಯ ಕೈ ನಿಂತಿತು. ಸೊಸೆ ಮರದ ಪೀಠದ ಮೇಲೆ, ಮಾದರಿ ಕೋಟು ತೊಟ್ಟು, ಎರಡು ಕೈಗಳನ್ನೂ ಮೈಯಿಂದ ಒಂದು ಗೇಣು ದೂರ ಹಿಡಿದು ನಿಂತಿದ್ದಳು. ಅತ್ತೆ ಕೆಳಗೆ ಗಿಡ್ಡ ಸ್ಟೂಲಿನ ಮೇಲೆ ಕೂತಿದ್ದರು. ಬಾಯಲ್ಲಿ ಇನ್ನೂ ನಾಲ್ಕು ಸೂಜಿಗಳಿದ್ದವು. ಅವನ್ನು ಒಂದೊಂದಾಗಿ ತೆಗೆದು ಮಣಿಕಟ್ಟಿಗೆ ಕಟ್ಟಿದ ಮೆತ್ತೆಗೆ ಚುಚ್ಚಿದರು. ಅತ್ತೆ ಬಾಯಿಂದ ಸೂಜಿ ತೆಗೆದರೆಂದರೆ ಮಾತಾಡುವುದಿದೆ ಎಂದೇ ಅರ್ಥ.

“ನೆಟ್ಟಗೆ ನಿಂತ್ಕೋ.”

“ನೆಟ್ಟಗೇ ನಿಂತಿದ್ದೀನಿ ಅತ್ತೆ.”

“ಹಾಗಾದ್ರೆ ಅಂಚು ಯಾಕೆ ಹೀಗೆ ಮೇಲಕ್ಕೆ ಹಾರಿದೆ?”

ಕೋಟು ಆಸ್ಪತ್ರೆಯ ನರ್ಸುಗಳದು. ಬಿಳಿ ಬಟ್ಟೆ, ಮಂಡಿಯವರೆಗೆ ಉದ್ದ, ಕೆಳಗಿನ ಅಂಚಿಗಿಂತ ಎರಡು ಬೆರಳು ಮೇಲೆ ಒಂದು ನೀಲಿ ಪಟ್ಟಿ. ಆ ಪಟ್ಟಿ ಇಲ್ಲದಿದ್ದರೆ ಯಾರ ಕಣ್ಣಿಗೂ ಏನೂ ಬೀಳುತ್ತಿರಲಿಲ್ಲ. ಚಾಡಿ ಹೇಳುವುದೇ ಅದರ ಕೆಲಸ. ಎದುರಿನ ನಿಲುವುಗನ್ನಡಿಯಲ್ಲಿ ಸೊಸೆಗೂ ಕಾಣಿಸಿತು: ಎಡಗಡೆ ಪಟ್ಟಿ ತನ್ನ ಜಾಗದಲ್ಲಿತ್ತು, ಬಲಗಡೆ ಅರ್ಧ ಬೆರಳು ಮೇಲೇರಿತ್ತು.

ಅತ್ತೆ ಅಳತೆಕೋಲನ್ನು ನೆಲಕ್ಕೆ ಊರಿ ಎಡದಿಂದ ಬಲಕ್ಕೆ, ಮತ್ತೆ ಬಲದಿಂದ ಎಡಕ್ಕೆ ಒಯ್ದರು. ಕೋಲಿನಲ್ಲಿ ತಪ್ಪಿರಲಿಲ್ಲ. ಪೀಠವನ್ನು ಅಲುಗಿಸಿ ನೋಡಿದರು. ಅದರಲ್ಲೂ ತಪ್ಪಿರಲಿಲ್ಲ.

“ಉಸಿರು ಎಳ್ಕೋ.”

ಎಳೆದುಕೊಂಡಳು.

“ಬಿಡು.”

ಬಿಟ್ಟಳು. ಅಂಚು ಅಲ್ಲೇ ಇತ್ತು.

“ರಾತ್ರಿ ಒಂದೇ ಮಗ್ಗುಲಲ್ಲಿ ಮಲಗಿರಬೇಕು,” ಎಂದಳು ಕಿಟಕಿಯ ಬಳಿಯ ಕಾಜಾ ಅಕ್ಕ. ಕೋಟಿನ ಗುಂಡಿಗಳಿಗೆ ಕಾಜಾ ಹೊಲಿಯುವುದೇ ಇಪ್ಪತ್ತು ವರ್ಷಗಳಿಂದ ಅವಳ ಕೆಲಸ, ಹೆಸರೂ ಅದೇ ಆಗಿತ್ತು.

“ನಿನ್ನ ಬಾಯಿಗೂ ಒಂದು ಗುಂಡಿ ಹಾಕೋರಿಲ್ಲ ನೋಡು,” ಎಂದರು ಅತ್ತೆ.

ಇಸ್ತ್ರಿ ಮೇಜಿನ ಹಿಂದಿನ ಆವಿಯೊಳಗಿಂದ ಗಂಡ ತಲೆಯೆತ್ತಿದ. “ಇಸ್ತ್ರಿ ಹಾಕಿದ್ರೆ ಸರಿಹೋಗುತ್ತೆ ಬಿಡಮ್ಮ.” ಅಂಗಡಿಯ ಇಸ್ತ್ರಿ ಅವನದು. ಯಾವ ತೊಂದರೆಗೂ ಅವನ ಬಳಿ ಇದೊಂದೇ ಮದ್ದಿತ್ತು, ಮತ್ತು ಎಷ್ಟೋ ಸಲ ಅದು ಕೆಲಸವನ್ನೂ ಮಾಡಿತ್ತು.

ಬೇರೆ ಹೊಲಿಗೆಯಂಗಡಿಗಳಲ್ಲಿ ಬಟ್ಟೆಯನ್ನು ಎರಡಾಗಿ ಮಡಿಸಿ, ಮೇಲೆ ಒಂದು ರಟ್ಟಿನ ಅಚ್ಚಿಟ್ಟು ಕತ್ತರಿಸುತ್ತಾರೆ. ಬಿಡಿಸಿದರೆ ಎಡ ಬಲ ಎರಡೂ ಒಂದೇ ಸಲಕ್ಕೆ ಬಂದಿರುತ್ತವೆ. ಈ ಅಂಗಡಿಯಲ್ಲಿ ಮಡಿಸುವುದಿಲ್ಲ. ಎಡಕ್ಕೆ ಬೇರೆ ರಟ್ಟು, ಬಲಕ್ಕೆ ಬೇರೆ ರಟ್ಟು. ಬೆನ್ನೂ ಎರಡು ತುಂಡು, ನಡುವೆ ಹೊಲಿಗೆ. ದೇವರು ಮನುಷ್ಯನನ್ನು ಮಡಿಸಿ ಕತ್ತರಿಸಿಲ್ಲ ಎನ್ನುವುದು ಅತ್ತೆಯ ವಾದ. ಬೋರ್ಡಿನ ಮೇಲೂ ಅಂಗಡಿಯ ಹೆಸರಿನ ಕೆಳಗೆ ‘ಎಡಕ್ಕೊಂದು, ಬಲಕ್ಕೊಂದು’ ಎಂದು ಬರೆಸಿದ್ದರು. ಹೊಸಬರು ಕೆಲವರು ಇದು ಚಪ್ಪಲಿ ಅಂಗಡಿಯೆಂದುಕೊಂಡು ಒಳಗೆ ಬರುವುದೂ ಇತ್ತು.

ಆ ರಟ್ಟುಗಳ ಮೂಲ ಅಳತೆ ಸೊಸೆಯ ಮೈ. ಮದುವೆಯಾಗಿ ಬಂದ ಮೂರನೇ ವಾರ ಅತ್ತೆ ಅವಳನ್ನು ಇದೇ ಪೀಠದ ಮೇಲೆ ನಿಲ್ಲಿಸಿ, ಸುತ್ತ ಒಂದು ಸಲ ನಡೆದು, “ಮಧ್ಯಮ” ಎಂದಿದ್ದರು. ಆವತ್ತಿನಿಂದ ಇಪ್ಪತ್ತಾರು ವರ್ಷ ಅವಳು ಮಧ್ಯಮವಾಗಿಯೇ ಇದ್ದಳು. ಇರದೆ ಉಪಾಯವಿರಲಿಲ್ಲ. ಅವಳು ಎರಡನೇ ಸಲ ಬಡಿಸಿಕೊಳ್ಳಲು ಕೈ ಚಾಚಿದರೆ ಅತ್ತೆ “ಎದೆ ಅಳತೆ” ಎನ್ನುತ್ತಿದ್ದರು, ಅಷ್ಟೇ. ಅವಳು ಬಸುರಿಯಾದ ವರ್ಷ ಅಂಗಡಿ ಹೊಸ ಆರ್ಡರು ಹಿಡಿಯಲಿಲ್ಲ. ಯಾವ ಆರ್ಡರು ಬಂದರೂ ಮಾದರಿ ಕೋಟು ಮೊದಲು ಅವಳ ಮೈಮೇಲೆ ನಿಲ್ಲಬೇಕು. ಆಮೇಲೂ ಹತ್ತಕ್ಕೊಂದು ಕೋಟು ಅವಳ ಮೈಮೇಲೆ ಹೋಗಿ ಬರಬೇಕು. ಗಿರಾಕಿಗಳು ಕೂಡ ಫೋನಿನಲ್ಲಿ “ಸೊಸೆ ಇದ್ದಾರಾ?” ಎಂದೇ ಕೇಳುತ್ತಿದ್ದರು. ಅವರಲ್ಲಿ ಅವಳಿಗಿಂತ ಚಿಕ್ಕವರೂ ಇದ್ದರು.

“ಬೂಟು ಬಿಚ್ಚು,” ಎಂದರು ಅತ್ತೆ.

ನೆಲದ ಮೇಲೆ ಸೂಜಿ ಬಿದ್ದಿರುತ್ತವೆಂದು ಅಂಗಡಿಯೊಳಗೆ ಎಲ್ಲರೂ ಬೂಟು ಹಾಕುತ್ತಿದ್ದರು. ಸೊಸೆ ಬಿಚ್ಚಿದಳು. ಅತ್ತೆ ಬಲಗಾಲಿನ ಬೂಟಿನೊಳಗೆ ಕೈ ಹಾಕಿ, ಮೀನಿನ ಹೊಟ್ಟೆಯಿಂದ ಏನೋ ತೆಗೆಯುವಂತೆ, ಒಂದು ಕಂದು ಬಣ್ಣದ ಒಳಅಟ್ಟೆಯನ್ನು ಹೊರಗೆಳೆದರು. ಅದರ ಒಂದು ಪಕ್ಕ ಚಪ್ಪಟೆಯಾಗಿತ್ತು, ಇನ್ನೊಂದು ಪಕ್ಕ ಸಣ್ಣ ದಿಬ್ಬದಂತೆ ಎದ್ದಿತ್ತು.

“ಇದೇನಿದು?”

“ಪಾದಕ್ಕೆ ಅತ್ತೆ. ಕಮಾನಿಗೆ.”

“ಯಾವ ಕಮಾನು?”

ಇದಕ್ಕೆ ಉತ್ತರ ಹೇಳಬೇಕೆಂದರೆ ಮೂರು ವಾರ ಹಿಂದಿನಿಂದ ಶುರು ಮಾಡಬೇಕಿತ್ತು.

*

ಮೂರು ವಾರದ ಹಿಂದೆ ಅವಳು ಆಸ್ಪತ್ರೆಗೆ ಆರು ಕೋಟು ಕೊಡಲು ಹೋಗಿದ್ದಳು. ಕೊಟ್ಟು ಇಳಿಯುವಾಗ ಬಲಮಂಡಿ ಹಿಡಿದುಕೊಂಡಿತು. ಅದು ನಾಲ್ಕು ವರ್ಷದ ನೋವು, ಹೊಸದೇನಲ್ಲ. ಮನೆ ಅಂಗಡಿಯ ಮೇಲೇ ಇತ್ತು, ನಡುವೆ ಹದಿನಾಲ್ಕು ಮೆಟ್ಟಿಲು. ಅವಳು ದಿನಾ ಕಟಕಟೆ ಹಿಡಿದು, ಏಡಿಯ ಹಾಗೆ ಅಡ್ಡಡ್ಡ ಇಳಿಯುತ್ತಿದ್ದಳು. ಅವಳು ಹಿಡಿಯುವ ಜಾಗದಲ್ಲಿ ಕಟಕಟೆಯ ಬಣ್ಣವೆಲ್ಲ ಹೋಗಿ ಕಬ್ಬಿಣ ಕಾಣುತ್ತಿತ್ತು. ಎಣ್ಣೆ ತಿಕ್ಕಿದ್ದಾಯಿತು, ಬಿಸಿನೀರಿನ ಚೀಲ ಇಟ್ಟಿದ್ದಾಯಿತು, ಗಂಡ ಒಮ್ಮೆ ಇಸ್ತ್ರಿ ಮಾಡಿದ ಬೆಚ್ಚಗಿನ ಟವೆಲು ಸುತ್ತಿದ್ದೂ ಆಯಿತು.

ಆಸ್ಪತ್ರೆಯ ಕಾರಿಡಾರಿನಲ್ಲಿ ಒಂದು ಬೆಂಚಿನ ಮೇಲೆ ಕೂತು ಮಂಡಿ ಒತ್ತಿಕೊಳ್ಳುತ್ತಿದ್ದಾಗ ಎದುರಿನ ಬಾಗಿಲು ತೆರೆದು ಒಬ್ಬ ಹೆಂಗಸು “ಮುಂದಿನವರು” ಎಂದಳು. ಬೆಂಚಿನ ಮೇಲೆ ಬೇರೆ ಯಾರೂ ಇರಲಿಲ್ಲ. ಸೊಸೆ ಎದ್ದು ಒಳಗೆ ಹೋದಳು.

ಆಕೆ ಪಾದದ ಡಾಕ್ಟರು. ಮಂಡಿ ತೋರಿಸಿದರೆ ಮಂಡಿಯನ್ನು ನೋಡಲೇ ಇಲ್ಲ. “ಏನು ಕೆಲಸ ಮಾಡ್ತೀರಿ?” ಎಂದು ಕೇಳಿದರು.

ಸೊಸೆ ಸ್ವಲ್ಪ ಯೋಚಿಸಿ, “ನಿಲ್ಲೋ ಕೆಲಸ,” ಎಂದಳು.

ಡಾಕ್ಟರು ಅವಳ ಎರಡೂ ಅಂಗಾಲುಗಳನ್ನು ನೀರಿನಲ್ಲಿ ಅದ್ದಿಸಿ ಕಂದು ಕಾಗದದ ಮೇಲೆ ನಡೆಸಿದರು. ಎಡಗಾಲಿನ ಗುರುತಿನಲ್ಲಿ ಬೆರಳು, ಹಿಮ್ಮಡಿ, ನಡುವೆ ಒಂದು ಸಣ್ಣ ಸೊಂಟ, ಎಲ್ಲ ಇದ್ದವು. ಬಲಗಾಲಿನದು ಪೂರ್ತಿ ಒದ್ದೆ.

“ನೋಡಿ, ಇದು ಪಾದ,” ಎಂದರು ಡಾಕ್ಟರು ಎಡದ್ದನ್ನು ತೋರಿಸಿ. “ಇದು ಇಸ್ತ್ರಿಪೆಟ್ಟಿಗೆ.”

ಬಲ ಅಂಗಾಲಿನ ಕಮಾನು ಕುಸಿದಿದೆ, ನಿನ್ನೆ ಮೊನ್ನೆಯದಲ್ಲ, ಹುಡುಗಿಯಾಗಿದ್ದಾಗಿನಿಂದಲೇ ಇರಬೇಕು ಎಂದರು. ಕಮಾನು ಕುಸಿದರೆ ಪಾದದ ಮೇಲಿನ ಹರಡು ಒಳಕ್ಕೆ ವಾಲುತ್ತದೆ, ಮಂಡಿ ಅದರ ಹಿಂದೆ ಹೋಗುತ್ತದೆ, ಸೊಂಟ ಆ ಕಡೆಗೆ ಇಳಿಯುತ್ತದೆ, ಕೊನೆಗೆ ಭುಜವೂ. “ಪಾಯ ಕೂತ ಮನೇಲಿ ಬಾಗಿಲು ಹಾಕ್ಕೊಳ್ಳಲ್ಲ ಅಂತ ಬಾಗಿಲಿಗೆ ಎಣ್ಣೆ ಬಿಟ್ರೆ ಏನು ಬಂತು?”

ಸೊಸೆಗೆ ತನ್ನ ಎಣ್ಣೆಯ ಬಾಟಲಿಗಳು ನೆನಪಾದವು.

ಬರೆಯಲು ಡಾಕ್ಟರು ಎದ್ದು ಮೇಜಿನ ಬಳಿ ಹೋದರು. ಆಗ ಸೊಸೆ ಅವರ ಕೋಟು ನೋಡಿದಳು. ಅದು ಅವಳ ಅಂಗಡಿಯದೇ, ಹೋದ ವರ್ಷದ್ದು. ಬೆನ್ನಿನ ನಡುವೆ ಹೊಲಿಗೆ, ಕೆಳಗೆ ಹಸಿರು ಪಟ್ಟಿ. ಪಟ್ಟಿ ಬಲಗಡೆ ಅರ್ಧ ಬೆರಳು ಮೇಲೇರಿತ್ತು. ಅವಳು ನೋಡುತ್ತಿರುವುದು ಡಾಕ್ಟರ ಗಮನಕ್ಕೆ ಬಂತು.

“ಈ ಕೋಟಾ? ಬಂದಾಗಿಂದ ಹೀಗೇ. ಹೊಲಿದೋರಿಗೆ ಫೋನ್ ಮಾಡಿದ್ದೆ. ಯಾರೋ ಹೆಂಗಸು, ತುಂಬಾ ಮರ್ಯಾದೆಯಿಂದ, ನಿಮ್ಮ ಭುಜಾನೇ ಓರೆ ಇರಬೇಕು ನೋಡ್ಕೊಳ್ಳಿ ಅಂದ್ರು. ಇದೇ ನನ್ನ ಕಸುಬು ನೋಡಿ, ತಡೆಯಲಾರದೆ ಎರಡು ಸಲ ಪರೀಕ್ಷೆ ಮಾಡಿಸ್ಕೊಂಡೆ.”

“ಏನು ಬಂತು?”

“ನೆಟ್ಟಗಿದ್ದೀನಂತೆ.”

“ಹೌದಾ,” ಎಂದಳು ಸೊಸೆ. ಫೋನಿನಲ್ಲಿ ಮಾತಾಡಿದ ಹೆಂಗಸು ಅವಳೇ.

ಒಳಅಟ್ಟೆ ತಯಾರಾಗಲು ಹನ್ನೆರಡು ದಿನ ಹಿಡಿಯಿತು. ಮೊದಲ ದಿನ ಒಂದು ಗಂಟೆ, ಆಮೇಲೆ ದಿನಕ್ಕೊಂದು ಗಂಟೆ ಹೆಚ್ಚು ಹಾಕಿಕೊಳ್ಳಬೇಕು. ಒಮ್ಮೆ ರೂಢಿಯಾದ ಮೇಲೆ ನಿಂತಿರುವಷ್ಟು ಹೊತ್ತೂ ಇರಬೇಕು. “ಬೆಳಗ್ಗೆ ಹಾಕಿ ಮಧ್ಯಾಹ್ನ ತೆಗೆದ್ರೆ, ಪಾಪ, ಸೊಂಟ ಯಾರ ಮಾತು ಕೇಳಬೇಕು?” ಎಂದಿದ್ದರು ಡಾಕ್ಟರು.

ಒಂಬತ್ತನೇ ದಿನ, ಅಂದರೆ ಈ ಬುಧವಾರ ಬೆಳಗ್ಗೆ, ಸೊಸೆ ಮೆಟ್ಟಿಲಿಳಿದು ಅಂಗಡಿಯ ಬೀಗ ತೆಗೆಯುವಾಗ ಒಂದು ವಿಷಯ ಗಮನಿಸಿದಳು. ಅವಳ ಒಂದು ಕೈಯಲ್ಲಿ ಬೀಗದ ಕೈ ಇತ್ತು, ಇನ್ನೊಂದರಲ್ಲಿ ಚಹಾದ ಫ್ಲಾಸ್ಕು. ಅಂದರೆ ಕಟಕಟೆ ಹಿಡಿದಿರಲಿಲ್ಲ. ಅವಳು ತಿರುಗಿ ಮೆಟ್ಟಿಲುಗಳನ್ನು ನೋಡಿದಳು. ಹದಿನಾಲ್ಕೂ ಅಲ್ಲೇ ಇದ್ದವು. ಯಾರಾದರೂ ನೋಡಿದರೋ ಎಂಬಂತೆ ಆಚೀಚೆ ಕಣ್ಣಾಡಿಸಿ, ಫ್ಲಾಸ್ಕು ಹಿಡಿದುಕೊಂಡೇ ಮತ್ತೊಮ್ಮೆ ಹತ್ತಿ, ನೇರ ಇಳಿದಳು. ಆಮೇಲೆ ಒಳಗೆ ಹೋಗಿ ದೀಪ ಹಾಕಿದಳು.

*

“ತೆಗೆದು ನಿಂತ್ಕೋ,” ಎಂದರು ಅತ್ತೆ.

ಒಳಅಟ್ಟೆಯಿಲ್ಲದ ಬೂಟು ಹಾಕಿಕೊಂಡು ಅವಳು ಪೀಠ ಹತ್ತಿದಳು. ಕನ್ನಡಿಯಲ್ಲಿ ಎಲ್ಲರೂ ನೋಡಿದರು. ಬಲಗಡೆಯ ಪಟ್ಟಿ ನಿಧಾನವಾಗಿ ಇಳಿದು ಎಡಗಡೆಯದರ ಸಮಕ್ಕೆ ಬಂದು ನಿಂತಿತು. ಗೆರೆ ಎಳೆದ ಹಾಗೆ ಸಮ.

“ನೋಡಿದ್ಯಾ?”

ಸೊಸೆ ನೋಡಿದಳು. ಅವಳಿಗೆ ಈಗ ಕಾಣುತ್ತಿದ್ದದ್ದು ಪಟ್ಟಿಯಲ್ಲ, ಪಟ್ಟಿಗಿಂತ ಬಹಳ ಮೇಲೆ, ತನ್ನ ಬಲಭುಜ. ಅದು ಇಳಿದಿತ್ತು. ನಲವತ್ತೆಂಟು ವರ್ಷ ಅವಳು ಕನ್ನಡಿಯಲ್ಲಿ ಮುಖ ನೋಡಿಕೊಂಡಿದ್ದಳು, ಅಂಚು ನೋಡಿಕೊಂಡಿದ್ದಳು. ನಡುವಿನದನ್ನು ನೋಡಿರಲಿಲ್ಲ.

“ಅದನ್ನ ಹಾಕ್ಕೊಂಡ್ರೆ ಡೊಂಕು, ತೆಗೆದ್ರೆ ನೆಟ್ಟಗೆ,” ಎಂದರು ಅತ್ತೆ. “ಇದಕ್ಕೆ ಡಾಕ್ಟರು ಬೇರೆ.”

“ಮಂಡಿ ನೋವು ಕಡಿಮೆ ಆಗಿದೆ ಅತ್ತೆ.”

“ನೋವು ನನಗಿಲ್ವಾ? ನನಗೆ ಎಪ್ಪತ್ತನಾಲ್ಕು. ಶುಕ್ರವಾರ ಆಸ್ಪತ್ರೆ ಮೇಟ್ರನ್ ಹತ್ರ ಮಾದರಿ ಹೋಗಬೇಕು. ಆ ಹೆಂಗಸು ಆಗಲೇ ಎರಡು ಸಲ ಬಲಗಡೆ ಎತ್ತುತ್ತೆ ಅಂತ ತಗಾದೆ ತೆಗೆದಿದ್ದಾಳೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅವರ ನರ್ಸುಗಳು ಒಂದು ಕಾಲ ಮೇಲೆ ಭಾರ ಬಿಟ್ಟು ನಿಲ್ತಾರೆ, ನಮ್ಮ ಕೋಟು ಏನು ಮಾಡುತ್ತೆ? ಮೂರನೇ ಸಲ ಹೀಗಾದ್ರೆ ಬೇರೆ ಕಡೆ ಹೋಗ್ತಾಳೆ. ಅಳತೆ ನೀನು. ನೀನೇ ಹೀಗೆ ಹೊಯ್ದಾಡಿದ್ರೆ ನಾನು ಯಾವುದನ್ನ ನಂಬಿ ಕತ್ತರಿಸಲಿ?”

“ಸೊಸೆಗೆ ಈ ವಯಸ್ಸಲ್ಲಿ ನೆಟ್ಟಗಾಗೋ ಆಸೆ,” ಎಂದಳು ಕಾಜಾ ಅಕ್ಕ.

“ಆಗಲಿ, ಬೇಡ ಅಂದವರ್ಯಾರು? ಆರ್ಡರು ಮುಗಿದ ಮೇಲೆ ಆಗಲಿ.”

ಸೊಸೆ ಇಸ್ತ್ರಿ ಮೇಜಿನ ಕಡೆ ನೋಡಿದಳು. “ಏನ್ರೀ?”

ಗಂಡ ಯೋಚಿಸಿದ. ಅವನ ಯೋಚನೆ ಯಾವಾಗಲೂ ಅಡ್ಡಗೋಡೆಯ ಮೇಲಿಟ್ಟ ದೀಪದ ಹಾಗೆ, ಎರಡೂ ಕೋಣೆಗೆ ಸ್ವಲ್ಪ ಸ್ವಲ್ಪ ಬೆಳಕು. “ಅಳತೆ ಹೊತ್ತಲ್ಲಿ ಮಾತ್ರ ತೆಗೆದುಬಿಡು. ಮಿಕ್ಕ ಹೊತ್ತು ಹಾಕ್ಕೋ. ಇಬ್ಬರ ಮಾತೂ ನಡೀತು.”

ಆರ್ಡರು ನೂರೈವತ್ತು ಕೋಟಿನದು. ಹತ್ತಕ್ಕೊಂದು ಅವಳ ಮೈಮೇಲೆ ಹೋಗಬೇಕು. ಅದು ಮುಗಿಯುವಷ್ಟರಲ್ಲಿ ಇನ್ನೊಂದು ಆರ್ಡರು ಬರುತ್ತದೆ. ಬರದಿದ್ದರೆ ಅತ್ತೆ ಎಲ್ಲಿಂದಾದರೂ ಹಿಡಿದು ತರುತ್ತಾರೆ. ಮಿಕ್ಕ ಹೊತ್ತು ಎಂದು ಅವನು ಹೇಳಿದ್ದು ಯಾವುದಿರಬಹುದು ಎಂದು ಸೊಸೆ ಲೆಕ್ಕ ಹಾಕಿದಳು. ಮಲಗಿರುವ ಹೊತ್ತೊಂದೇ ಉಳಿಯಿತು.

ಅವಳು ಒಳಅಟ್ಟೆಯನ್ನು ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು. ಅತ್ತೆ ಸೂಜಿಗಳನ್ನು ಮತ್ತೆ ಬಾಯಿಗಿಟ್ಟುಕೊಂಡರು.

ಸಂಜೆ ಮೆಟ್ಟಿಲು ಹತ್ತುವಾಗ ಮಂಡಿ ಐದನೆಯದರಲ್ಲೇ ಹಿಡಿಯಿತು. ಕಬ್ಬಿಣ ಕಂಡ ಜಾಗಕ್ಕೆ ಅವಳ ಕೈ ತಾನಾಗಿಯೇ ಹೋಯಿತು.

*

ಮರುದಿನ ಮಧ್ಯಾಹ್ನ ಎಲ್ಲರೂ ಊಟಕ್ಕೆ ಮೇಲೆ ಹೋದಾಗ ಸೊಸೆ ಕೆಳಗೇ ಉಳಿದಳು. ಗೋಡೆಯ ಮೊಳೆಗಳಲ್ಲಿ ರಟ್ಟುಗಳು ತೂಗುತ್ತಿದ್ದವು. ಎಡದವು ಕಿಟಕಿಯ ಪಕ್ಕ, ಬಲದವು ಬಾಗಿಲ ಪಕ್ಕ. ಚಿಕ್ಕದು, ಮಧ್ಯಮ, ದೊಡ್ಡದು, ಅತಿ ದೊಡ್ಡದು. ಒಂದೊಂದಕ್ಕೂ ಮುಂಭಾಗದ್ದೊಂದು, ಬೆನ್ನಿನದೊಂದು. ಎಲ್ಲದರ ಮೇಲೂ ಕೆಂಪು ಶಾಯಿಯಲ್ಲಿ ಅತ್ತೆಯ ಅಕ್ಷರ. ನಡುವೆ ಏಳು ಅಡಿ ಗೋಡೆ. ಇಪ್ಪತ್ತಾರು ವರ್ಷದಲ್ಲಿ ಎಡದ್ದೊಂದು ಬಲದ್ದೊಂದು ಒಂದರ ಮೇಲೊಂದು ಬಿದ್ದಿರಲಿಲ್ಲ. ಹಾಗೆ ಇಡುವ ಪ್ರಮೇಯ ಯಾರಿಗೂ ಬಂದಿರಲಿಲ್ಲ.

ಅವಳು ಮಧ್ಯಮದ ಎಡ ಮುಂಭಾಗವನ್ನು ತೆಗೆದು ಮೇಜಿನ ಮೇಲೆ ಬೋರಲು ಹಾಕಿದಳು. ಅದರ ಮೇಲೆ ಬಲದ್ದನ್ನು ಇಟ್ಟಳು. ಕೆಳಗಿನ ಅಂಚು ಕೂಡಿಸಿದಳು. ಭುಜದ ಹತ್ತಿರ ಎಡದ್ದು ಅರ್ಧ ಬೆರಳು ಹೊರಗೆ ಇಣುಕಿತು. ಬೆನ್ನಿನವನ್ನು ಇಟ್ಟಳು. ಅವೂ ಅಷ್ಟೇ. ಚಿಕ್ಕದು, ದೊಡ್ಡದು, ಅತಿ ದೊಡ್ಡದು, ಎಲ್ಲವೂ ಮಧ್ಯಮದಿಂದಲೇ ಹುಟ್ಟಿದವು. ಎಲ್ಲ ಅಷ್ಟೇ.

ಜೇಬಿನಿಂದ ಒಳಅಟ್ಟೆ ತೆಗೆದು ಆ ಅರ್ಧ ಬೆರಳಿನ ಪಕ್ಕ ನಿಲ್ಲಿಸಿ ನೋಡಿದಳು. ದಿಬ್ಬದ ದಪ್ಪ ಹೆಚ್ಚುಕಡಿಮೆ ಅಷ್ಟೇ ಇತ್ತು.

ಅಂಚೆ ಕಚೇರಿಯ ಹೆಂಗಸೊಬ್ಬಳು ಅವಳಿಗೆ ನೆನಪಾದಳು. ಕೋಟು ಬಲಕ್ಕೆ ಎತ್ತುತ್ತದೆ ಎಂದು ಬಂದಿದ್ದವಳಿಗೆ, ಚೀಲ ಯಾವ ಹೆಗಲಿಗೆ ಹಾಕುತ್ತೀರಿ ಎಂದು ಸೊಸೆಯೇ ಕೇಳಿದ್ದಳು. ಎಡಕ್ಕೆ ಎಂದಿದ್ದಳು ಆಕೆ. ಬಲಕ್ಕೆ ಹಾಕಿಕೊಳ್ಳಿ, ಭುಜ ಇಳಿಯುತ್ತೆ ಎಂದು ಹೇಳಿ ಕಳಿಸಿದ್ದಳು. ಮೂರು ವರ್ಷವಾಗಿತ್ತು. ಮೊನ್ನೆ ಬೀದಿಯಲ್ಲಿ ಸಿಕ್ಕಾಗ ಆಕೆಯ ಬಲಹೆಗಲಲ್ಲೇ ಚೀಲವಿತ್ತು, ಕತ್ತು ಒಂದು ಕಡೆಗೆ ವಾಲಿತ್ತು. “ಈಗ ಕೋಟು ಸರಿ ಕೂತಿದೆ ರೀ, ಕುತ್ತಿಗೆ ಮಾತ್ರ ನೋಯುತ್ತೆ,” ಎಂದು ನಕ್ಕಿದ್ದಳು. ಅವಳೊಬ್ಬಳೇ ಅಲ್ಲ. ಒಬ್ಬ ಶಾಲೆಯ ಟೀಚರಿಗೆ, ಇಬ್ಬರು ಔಷಧಿ ಅಂಗಡಿಯವರಿಗೆ, ಎಷ್ಟು ಜನ ನರ್ಸುಗಳಿಗೋ, ಮರ್ಯಾದೆಯಿಂದಲೇ, ನೀವೇ ಡೊಂಕು ಎಂದು ಹೇಳಿದ್ದಳು. ಹೇಳುವಾಗ ಇದೇ ಮೇಜಿಗೆ ಬಲಸೊಂಟ ಆನಿಸಿ ನಿಂತಿರುತ್ತಿದ್ದಳು.

ಅತ್ತೆ ಊಟ ಮುಗಿಸಿ ಇಳಿದು ಬಂದಾಗ ರಟ್ಟುಗಳು ಇನ್ನೂ ಮೇಜಿನ ಮೇಲಿದ್ದವು.

“ಏನು ಮಾಡ್ತಿದ್ದೀಯ?”

“ಅತ್ತೆ, ಎಡದ ರಟ್ಟಿಗೂ ಬಲದ್ದಕ್ಕೂ ಅರ್ಧ ಬೆರಳು ವ್ಯತ್ಯಾಸ ಇದೆ.”

“ಇರಲೇಬೇಕಲ್ಲ. ಇಲ್ಲದಿದ್ರೆ ಎರಡೆರಡು ಯಾಕೆ ಮಾಡ್ತಿದ್ದೆ?”

ಅತ್ತೆ ಸ್ಟೂಲಿನ ಮೇಲೆ ಕೂತು ಬಲದ ರಟ್ಟನ್ನು ಮಡಿಲಿಗೆ ಎಳೆದುಕೊಂಡರು. ಈಚೆಗೆ ಅವರು ಕಣ್ಣಿಗಿಂತ ಬೆರಳನ್ನೇ ಹೆಚ್ಚು ನಂಬುತ್ತಿದ್ದರು. ಅಂಚಿನ ಮೇಲೆ ಹೆಬ್ಬೆರಳು ಆಡಿಸುತ್ತ, ಕಂಕುಳ ಹತ್ತಿರದ ಸಣ್ಣ ಕಚ್ಚನ್ನು ಮುಟ್ಟಿ ನೋಡಿದರು.

“ನಮ್ಮಕ್ಕನದು ಒಂದು ಭುಜ ಇಳಿದಿತ್ತು,” ಎಂದರು. “ಚಿಕ್ಕೋಳಿದ್ದಾಗ ಬಿದ್ದಿದ್ದಳು. ಎಲ್ಲ ಕಡೆ ಮಡಿಸಿ ಕತ್ತರಿಸ್ತಿದ್ರಲ್ಲ, ಯಾವ ಅಂಗಿ ಹಾಕ್ಕೊಂಡ್ರೂ ಒಂದು ಕಡೆ ಜೋಲು. ಹೊಲಿದೋರನ್ನ ಕೇಳಿದ್ರೆ, ಬಟ್ಟೆ ಸರಿಯಾಗಿದೆ, ನೀನೇ ಓರೆ ಅನ್ನೋರು. ಎಷ್ಟು ಸಲ ಕೇಳಿದಳೋ ಪಾಪ. ಕೊನೆಗೆ ಅವಳು ಮದುವೆ ಮನೆ ಗಿದುವೆ ಮನೆ ಎಲ್ಲಿಗೂ ಹೋಗೋದೇ ಬಿಟ್ಟಳು. ನಾನು ಅಂಗಡಿ ಹಾಕಿದ ದಿನಾನೇ ಅಂದ್ಕೊಂಡೆ, ನನ್ನಲ್ಲಿ ಮಡಿಸೋದಿಲ್ಲ ಅಂತ.”

“ಮತ್ತೆ ಈ ರಟ್ಟು?”

“ಇದು ನಿನಗೆ ಮಾಡಿದ್ದಲ್ವೇನೆ?” ಅತ್ತೆಗೆ ಆಶ್ಚರ್ಯವಾದಂತಿತ್ತು. “ನೀನು ಬಂದ ವಾರಾನೇ ನೋಡಿದೆ, ನಿನ್ನ ಬಲಭುಜ ಇಳಿದಿದೆ ಅಂತ. ಯಾರೂ ನಿನ್ನನ್ನ ಓರೆ ಅನ್ನಬಾರದು ಅಂತ ಅದಕ್ಕೆ ತಕ್ಕ ಹಾಗೆ ಕತ್ತರಿಸಿದೆ. ಆ ಕೋಟಲ್ಲಿ ನೀನು ನಿಂತಿದ್ದು ನೋಡಬೇಕಿತ್ತು! ಕಡ್ಡಿ ನಿಲ್ಲಿಸಿದ ಹಾಗೆ. ಅಷ್ಟು ಚೆನ್ನಾಗಿ ಕೂತಿತಲ್ಲ, ಅದನ್ನೇ ಅಂಗಡಿ ಅಳತೆ ಮಾಡ್ಕೊಂಡೆ. ಒಬ್ಬರಿಗೆ ಅಷ್ಟು ಚೆನ್ನಾಗಿ ಕೂತಿದ್ದು ಇನ್ನೊಬ್ಬರಿಗೆ ಕೂರಲ್ವಾ?”

ಮೇಲೆ ಗಂಡ ತಟ್ಟೆ ತೊಳೆಯುವ ಸದ್ದು ಕೇಳುತ್ತಿತ್ತು.

“ನನ್ನ ಭುಜ ಇಳಿದಿದೆ ಅಂತ ನನಗೆ ಯಾರೂ ಹೇಳಲೇ ಇಲ್ಲ ಅತ್ತೆ.”

“ಹೇಳಬಾರದು ಅಂತಾನೇ ಅಲ್ವಾ ರಟ್ಟು ಮಾಡಿದ್ದು?”

ಅತ್ತೆ ರಟ್ಟನ್ನು ಅವಳ ಕೈಗೆ ಕೊಟ್ಟು, ಮೊಳೆಗೆ ತೂಗುಹಾಕಲು ಹೇಳಿ, ಊಟದ ಮೇಲಿನ ಅರ್ಧ ಗಂಟೆಯ ನಿದ್ದೆಗೆ ಬಟ್ಟೆ ಥಾನುಗಳ ಹಿಂದಿನ ಮಂಚಕ್ಕೆ ಹೋದರು.

ಸೊಸೆ ರಟ್ಟು ಹಿಡಿದು ನಿಂತಳು. ಭಾರ ತಾನಾಗಿಯೇ ಬಲಗಾಲಿಗೆ ಹೋಯಿತು, ಮಂಡಿ ಚುರ್ ಎಂದಿತು. ನಿಜ ಹೇಳಿದರೆ ಏನಾಗುತ್ತದೆಂದು ಅವಳು ಯೋಚಿಸಿದಳು. ಅತ್ತೆಯ ಅಕ್ಕನಿಗೆ ಹೊಲಿಗೆಯವರು ಹೇಳಿದ ಮಾತನ್ನೇ ಈ ಅಂಗಡಿ ಇಪ್ಪತ್ತಾರು ವರ್ಷ ಊರವರಿಗೆಲ್ಲ ಹೇಳಿದೆ ಎಂದು ಅತ್ತೆಗೆ ಹೇಳಬೇಕಾಗುತ್ತದೆ. ಹೇಳದಿದ್ದರೆ, ಒಳಅಟ್ಟೆ ಜೇಬಿನಲ್ಲೇ ಇರುತ್ತದೆ, ಅವಳು ಏಡಿಯಾಗಿಯೇ ಇರುತ್ತಾಳೆ, ಅಂಚೆ ಕಚೇರಿಯವಳ ಕುತ್ತಿಗೆ ಹಾಗೇ ಇರುತ್ತದೆ. ಸುಮ್ಮನೆ ಇದ್ದರೆ ಎರಡನೆಯದು ತಾನಾಗಿಯೇ ಆಗುತ್ತದೆ, ಅವಳೇನೂ ಮಾಡಬೇಕಾಗಿಲ್ಲ. ಇಷ್ಟು ವರ್ಷ ಆಗಿದ್ದೂ ಹಾಗೆಯೇ.

ಅವಳು ಬೂಟು ಬಿಚ್ಚಿ ಒಳಅಟ್ಟೆಯನ್ನು ಒಳಗಿಟ್ಟು ಹಾಕಿಕೊಂಡಳು. ಮೇಜಿನ ಕೆಳಗಿನಿಂದ ಹೊಸ ರಟ್ಟಿನ ಹಾಳೆ ಎಳೆದಳು. ಎಡದ ಮುಂಭಾಗವನ್ನು ಅದರ ಮೇಲೆ ಬೋರಲು ಹಾಕಿ, ಸುತ್ತ ಪೆನ್ಸಿಲು ಎಳೆದಳು. ಎಡದ ಬೆನ್ನನ್ನೂ ಹಾಗೆಯೇ ಎಳೆದು, ಎರಡನ್ನೂ ಕತ್ತರಿಸಿದಳು. ಕಂಕುಳ ಹತ್ತಿರದ ಕಚ್ಚನ್ನು ಅದೇ ಜಾಗದಲ್ಲಿ, ಅದೇ ಆಳಕ್ಕೆ ಹಾಕಿದಳು. ಕೆಂಪು ಶಾಯಿಯಲ್ಲಿ ‘ಬಲ, ಮಧ್ಯಮ’ ಎಂದು ಬರೆದಳು. ಅತ್ತೆಯ ‘ಮ’ ಸ್ವಲ್ಪ ಬಾಲ ಎತ್ತಿಕೊಂಡಿರುತ್ತದೆ. ಅದನ್ನೂ ಎತ್ತಿದಳು. ಹೊಸ ರಟ್ಟು ತೀರಾ ಬೆಳ್ಳಗಿತ್ತು. ಫ್ಲಾಸ್ಕಿನಲ್ಲಿ ಉಳಿದಿದ್ದ ತಣ್ಣನೆಯ ಚಹಾವನ್ನು ಚಿಂದಿಗೆ ಅದ್ದಿ ಎರಡೂ ಬದಿ ಒರೆಸಿ, ಕಿಟಕಿಯ ಬಿಸಿಲಿಗೆ ಒರಗಿಸಿದಳು.

ಊಟ ಮುಗಿಸಿ ಬಂದ ಕಾಜಾ ಅಕ್ಕ ಮೂಗು ಅರಳಿಸಿದಳು. “ಚಹಾ ಚೆಲ್ಲಿತಾ?”

“ಚೆಲ್ಲಿತು.”

ಕಾಜಾ ಅಕ್ಕ ಕಿಟಕಿ ನೋಡಿದಳು, ರಟ್ಟು ನೋಡಿದಳು, ಸೊಸೆಯ ಬೂಟು ನೋಡಿದಳು. ಕನ್ನಡಕ ಏರಿಸಿಕೊಂಡು ಕಾಜಾ ಹೊಲಿಯಲು ಕೂತಳು.

ಸಂಜೆಯೊಳಗೆ ಸೊಸೆ ಮಾದರಿ ಕೋಟಿನ ಬಲಭಾಗವನ್ನೆಲ್ಲ ಬಿಚ್ಚಿ, ಬೇರೆ ಬಟ್ಟೆಯ ಮೇಲೆ ಹೊಸ ರಟ್ಟಿಟ್ಟು ಕತ್ತರಿಸಿ, ಹೊಲಿದು, ಪಟ್ಟಿ ಕೂಡಿಸಿದ್ದಳು. ಯಾಕೆ ಬಿಚ್ಚಿದ್ದು ಎಂದು ಗಂಡ ಕೇಳಿದ. ಹೊಲಿಗೆ ಸುಕ್ಕು ಬಂದಿತ್ತು ಎಂದಳು. “ಇಸ್ತ್ರಿ ಹಾಕಿದ್ರೆ ಹೋಗ್ತಿತ್ತು,” ಎಂದ ಅವನು.

*

ಶುಕ್ರವಾರ ಬೆಳಗ್ಗೆ ಅವಳು ಪೀಠ ಹತ್ತಿದಳು. ಅತ್ತೆ ಬಾಯಿಗೆ ಏಳು ಸೂಜಿ ಇಟ್ಟುಕೊಂಡು, ಒಂದನ್ನು ತೆಗೆದು ಕೇಳಿದರು.

“ಅಟ್ಟೆ ತೆಗೆದ್ಯಾ?”

“ಹೂಂ ಅತ್ತೆ.”

ಬೂಟಿನೊಳಗೆ ಬಲ ಅಂಗಾಲಿನ ಕೆಳಗೆ ದಿಬ್ಬ ಗಟ್ಟಿಯಾಗಿ ಕೂತಿತ್ತು. ಅತ್ತೆ ಅಳತೆಕೋಲು ಊರಿ ಎಡದಿಂದ ಶುರು ಮಾಡಿ ಸುತ್ತಿದರು. ಮುಂದೆ, ಬಲ, ಬೆನ್ನು, ಮತ್ತೆ ಎಡ. ಕೋಲಿನ ಗುರುತಿಗೂ ಪಟ್ಟಿಗೂ ಒಂದು ನೂಲಿನಷ್ಟು ಅಂತರವಿರಲಿಲ್ಲ. ಕನ್ನಡಿಯಲ್ಲಿ ಸೊಸೆ ಈ ಸಲ ಮೊದಲು ಭುಜ ನೋಡಿಕೊಂಡಳು, ಆಮೇಲೆ ಅಂಚು. ಎರಡೂ ಸಮ.

ಅತ್ತೆ ಬಳಸದೆ ಉಳಿದ ಸೂಜಿಗಳನ್ನು ಮೆತ್ತೆಗೆ ಚುಚ್ಚಿದರು. “ನೋಡು, ಅದಕ್ಕೇ ಹೇಳಿದ್ದು. ಹಿರಿಯರ ಮಾತು ಕೇಳಿದ್ರೆ ಏನು ಕಳ್ಕೊಂಡೆ?”

“ಏನೂ ಇಲ್ಲ ಅತ್ತೆ.”

ಕಾಜಾ ಅಕ್ಕನಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು. ನೀರು ಕುಡಿಯಲು ಎದ್ದು ಹೋದಳು.

ಮಾದರಿ ಮಧ್ಯಾಹ್ನ ಹೋಯಿತು. ನಾಲ್ಕು ಗಂಟೆಗೆ ಮೇಟ್ರನ್ನರ ಫೋನು ಬಂತು. ಅತ್ತೆ ತೆಗೆದರು. ಅತ್ತಣ ದನಿ ಜೋರಾಗಿತ್ತು, ಎಲ್ಲರಿಗೂ ಕೇಳಿಸಿತು. ಮೂವರು ನರ್ಸುಗಳಿಗೆ ಹಾಕಿ ನೋಡಿದರಂತೆ, ಮೂವರಿಗೂ ಅಂಚು ಸಮ ಬಂತಂತೆ. ಈ ಸಲ ಏನು ಬದಲಾಯಿಸಿದಿರಿ ಎಂದು ಕೇಳುತ್ತಿದ್ದರು.

“ನಾವೇನೂ ಬದಲಾಯಿಸಿಲ್ಲಮ್ಮ,” ಎಂದರು ಅತ್ತೆ. “ನಮ್ಮ ರಟ್ಟು ಇಪ್ಪತ್ತಾರು ವರ್ಷದಿಂದ ಅದೇ. ನಿಮ್ಮೋರು ಈಗ ನೆಟ್ಟಗೆ ನಿಲ್ಲೋದು ಕಲಿತಿದ್ದಾರೆ, ಅಷ್ಟೇ.”

ಫೋನು ಇಟ್ಟು, ತೃಪ್ತಿಯಿಂದ ಸ್ಟೂಲಿಗೆ ಮರಳಿದರು. ಗಂಡ ಇಸ್ತ್ರಿಯ ಆವಿ ಬಿಟ್ಟ. ಸೊಸೆ ಬಟ್ಟೆಯ ಥಾನು ಬಿಚ್ಚಿ ಕತ್ತರಿಸುವ ಮೇಜಿನ ಮೇಲೆ ಹಾಸಿದಳು. ಮಧ್ಯಮದ ಹಳೆಯ ಬಲ ರಟ್ಟುಗಳೆರಡೂ ಈಗ ಮೇಲೆ ಅವಳ ಬೀರುವಿನಲ್ಲಿ, ಮದುವೆಯ ವರ್ಷ ಅತ್ತೆ ಹೊಲಿದುಕೊಟ್ಟ ಕೋಟಿನ ಕೆಳಗೆ ಇದ್ದವು. ಹರಿದು ಹಾಕಲು ನಿನ್ನೆ ಒಮ್ಮೆ ಕತ್ತರಿ ತೆಗೆದಿದ್ದಳು, ಆಮೇಲೆ ಹಾಗೇ ಇಟ್ಟಿದ್ದಳು. ಅವು ಅವಳವು. ಬೇರೆ ಯಾರಿಗೂ ಕೂರುವಂಥವಲ್ಲ.

ಬಾಗಿಲ ಪಕ್ಕದ ಮೊಳೆಗಳಲ್ಲಿ ಬಲದ ಹಳೆಯ ರಟ್ಟುಗಳು ಇನ್ನೂ ಆರು ಇದ್ದವು. ಗಾಳಿಗೆ ಒಂದಕ್ಕೊಂದು ತಾಗಿ ಸಣ್ಣಗೆ ಸದ್ದು ಮಾಡುತ್ತಿದ್ದವು. ಅಂಚೆ ಕಚೇರಿಯವಳದು ಚಿಕ್ಕ ಅಳತೆ, ಡಾಕ್ಟರದು ದೊಡ್ಡದು. ಚಿಕ್ಕದರಿಂದ ಶುರು ಮಾಡುವುದು, ವಾರಕ್ಕೆ ಒಂದಳತೆ, ಮುಂಭಾಗ ಬೆನ್ನು ಎರಡೂ, ಗುರುವಾರದ ಊಟದ ಹೊತ್ತಿನಲ್ಲಿ. ಅತ್ತೆ ಮಲಗುವ ಅರ್ಧ ಗಂಟೆ ಸಾಕು. ಮುಗಿದ ಮೇಲೆ ಅಂಚೆ ಕಚೇರಿಗೆ ಹೋಗಿ, ಹಳೆಯ ಕೋಟು ಕೊಡಿ, ಒಂದು ಕಡೆ ಹೊಲಿಗೆ ಬಿಟ್ಟಿದೆ, ಬದಲಿಸಿಕೊಡುತ್ತೇವೆ ಎಂದು ಕೇಳುವುದು. ಚೀಲದ ಮಾತನ್ನು ಹೇಗೆ ತೆಗೆಯುವುದೆಂದು ಇನ್ನೂ ಹೊಳೆದಿರಲಿಲ್ಲ.

“ಏನೇ ಯೋಚನೆ?” ಎಂದರು ಅತ್ತೆ.

“ಗುರುವಾರಕ್ಕೆ ಇನ್ನೊಂದು ಫ್ಲಾಸ್ಕು ಚಹಾ ಜಾಸ್ತಿ ತರಬೇಕು ಅಂತ,” ಎಂದು ಸೊಸೆ ಸೀಮೆಸುಣ್ಣ ಕೈಗೆತ್ತಿಕೊಂಡಳು.